ಮೊದಲು ನಡೆದದ್ದು ಯಾವುದು?



ಧ್ರುವಪ್ರಭೆಯ ಕುರಿತು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ನಾಲ್ಕೇ ಮಾತು: ಸೂರ್ಯನಿಂದ ಬೀಸುವ ವಿದ್ಯುತ್ಕಣಗಳ ಮಾರುತದಿಂದ ಭೂಮಿಯ ಕಾಂತಗೋಳ ಶಕ್ತಿ ಪಡೆಯುತ್ತದೆ; ಅಲ್ಲಿಂದ ಎಲೆಕ್ಟ್ರಾನುಗಳು ಧ್ರುವಗಳ ಬಳಿ ಧುಮುಕಿ, ವಾಯುಮಂಡಲದ ಆಮ್ಲಜನಕ, ಸಾರಜನಕಗಳಿಗೆ ತಾಗಿ ಬೆಳಕು ಹೊಮ್ಮಿಸುತ್ತವೆ. ಆದರೆ ಮಂಕಾಗಿ ನಿಂತಿದ್ದ ಬೆಳಕಿನ ಪಟ್ಟಿ ಒಮ್ಮೆಲೇ ಉಜ್ವಲವಾಗಿ ಆಕಾಶವೆಲ್ಲ ಹರಡುವುದೇಕೆ? ಈ ಪ್ರಶ್ನೆ ವಿಜ್ಞಾನಿಗಳನ್ನೇ ದಶಕಗಳ ಕಾಲ ಕಾಡಿತು.

ಈ ಸ್ಫೋಟಕ್ಕೆ ಸಬ್‌ಸ್ಟಾರ್ಮ್ ಎಂದು ಹೆಸರು. ಅದರ ಮೂಲವಿರುವುದು ಭೂಮಿಯ ರಾತ್ರಿಯ ಕಡೆಗೆ ಚಾಚಿಕೊಂಡಿರುವ ಕಾಂತಗೋಳದ ಬಾಲದಲ್ಲಿ. ಅಲ್ಲಿ ಸುಮಾರು 60,000 ಕಿ.ಮೀ. ದೂರದ ವಿದ್ಯುತ್ಪ್ರವಾಹ ಮೊದಲು ಕದಡುತ್ತದೆಂದು ಒಂದು ಪಕ್ಷ. ಅದರ ಇಮ್ಮಡಿ ದೂರದಲ್ಲಿ ಕಾಂತಬಲರೇಖೆಗಳು ಮೊದಲು ಕಡಿದು ಮತ್ತೆ ಬೆಸೆದುಕೊಳ್ಳುತ್ತವೆಂದು ಇನ್ನೊಂದು ಪಕ್ಷ. ಎಲ್ಲವೂ ನಡೆದು ಮುಗಿಯುವುದು ಕೆಲವೇ ನಿಮಿಷಗಳಲ್ಲಿ. “ಅವನೇ ಸಾರ್ ಮೊದಲು ಹೊಡೆದದ್ದು” ಎಂಬ ದೂರು ಬಂದಾಗ ನಾನು ಬೇರೆ ಬೇರೆ ಬೆಂಚಿನವರನ್ನು ಬೇರೆ ಬೇರೆಯಾಗಿ ವಿಚಾರಿಸುತ್ತಿದ್ದುದು ನಿಮಗೆ ನೆನಪಿರಬಹುದು. ವಿಜ್ಞಾನಿಗಳು ಹಿಡಿದದ್ದೂ ಅದೇ ದಾರಿ.

ಈ ದಾರಿ ಹಳೆಯದೇ. ನಾರ್ವೆಯ ಕಾರ್ಲ್ ಸ್ಟೋರ್ಮರ್ 1910ರಲ್ಲಿಯೇ ಎರಡು ಸ್ಥಳಗಳಲ್ಲಿ ಕ್ಯಾಮೆರಾ ಇರಿಸಿ, ದೂರವಾಣಿಯ ಮೂಲಕ ಸಂಕೇತ ಕೊಟ್ಟು ಒಂದೇ ಕ್ಷಣದಲ್ಲಿ ಚಿತ್ರ ತೆಗೆಸಿ, ಧ್ರುವಪ್ರಭೆಯ ಎತ್ತರವನ್ನು ಗಣಿಸಿದ್ದರು. ಅದರ ಕೆಳಅಂಚು ಸುಮಾರು 100 ಕಿ.ಮೀ. ಎತ್ತರದಲ್ಲಿರುತ್ತದೆ.

2007ರ ಫೆಬ್ರವರಿ 17ರಂದು ನಾಸಾ ಸಂಸ್ಥೆಯು ಥೀಮಿಸ್ ಎಂಬ ಯೋಜನೆಯಡಿ ಐದು ಉಪಗ್ರಹಗಳನ್ನು ಹಾರಿಸಿತು. ನಾಲ್ಕು ದಿನಗಳಿಗೊಮ್ಮೆ ಅವು ಬಾಲದ ಉದ್ದಕ್ಕೂ ಸಾಲಾಗಿ ನಿಲ್ಲುವಂತೆ ಕಕ್ಷೆಗಳನ್ನು ಹೊಂದಿಸಲಾಗಿತ್ತು. ಕೆಳಗೆ ಕೆನಡಾ ಮತ್ತು ಅಲಾಸ್ಕಾಗಳ ಸುಮಾರು 20 ಠಾಣೆಗಳಲ್ಲಿ ಇಡೀ ಆಕಾಶವನ್ನು ನೋಡುವ ಕ್ಯಾಮೆರಾಗಳು ಮೂರು ಸೆಕೆಂಡಿಗೊಂದು ಚಿತ್ರ ತೆಗೆಯುತ್ತಿದ್ದವು. 2008ರ ಫೆಬ್ರವರಿ 26ರಂದು ಮೇಲಿನ ಸಾಕ್ಷಿ, ಕೆಳಗಿನ ಸಾಕ್ಷಿ ಎರಡೂ ಕೂಡಿಬಂದವು. ಚಂದ್ರನ ದೂರದ ಮೂರನೆಯ ಒಂದು ಭಾಗದಷ್ಟು ಆಚೆ ಬಲರೇಖೆಗಳು ಮೊದಲು ಬೆಸೆದವು. ಸುಮಾರು ಒಂದೂವರೆ ನಿಮಿಷದ ಬಳಿಕ ಆಕಾಶ ಬೆಳಗಿತು. ಸಮೀಪದ ಪ್ರವಾಹ ಕದಡಿದ್ದು ಅನಂತರ. ಎಲ್ಲ ಸಬ್‌ಸ್ಟಾರ್ಮ್‌ಗಳಿಗೂ ಇದೇ ಕ್ರಮವೇ ಎಂಬ ವಾದ ಮುಗಿದಿಲ್ಲವಾದರೂ, ಆ ರಾತ್ರಿಯ ವರದಿಯನ್ನು ಬಿಟ್ಟು ವಾದಿಸುವಂತಿಲ್ಲ.

ಈ ಫಲದ ಹಿಂದೆ ಮೋಡ ಕವಿದ, ಏನೂ ಘಟಿಸದ ಎಷ್ಟೋ ರಾತ್ರಿಗಳಿವೆ. ಅಂದೂ ಉಪಕರಣಗಳು ಎಚ್ಚರವಾಗಿಯೇ ಇದ್ದವು. 2024ರ ಮೇ ತಿಂಗಳಿನಲ್ಲಿ ಲಡಾಖಿನ ಹಾನ್ಲೆಯ ಆಗಸ ಅಪರೂಪಕ್ಕೆ ಕೆಂಪಾದಾಗ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾ ಅದನ್ನು ಸೆರೆಹಿಡಿದದ್ದೂ ಹೀಗೆಯೇ.

ಉತ್ತರದ ದೇಶಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಧ್ರುವಪ್ರಭೆಯ ಚಿತ್ರ ತೆಗೆದರೆ ಅದರ ಜೊತೆಗೆ ಸ್ಥಳ, ದಿಕ್ಕು, ನಿಮಿಷಸಹಿತ ವೇಳೆಯನ್ನೂ ಬರೆದಿಡಿ. ಆಗ ಅದು ಚಂದದ ಚಿತ್ರವಷ್ಟೇ ಅಲ್ಲ, ಸಾಕ್ಷಿಯೂ ಆಗುತ್ತದೆ. ನನಗೂ ಒಂದು ಪ್ರತಿ ಕಳುಹಿಸಿ.