ಹಲ್ಲಿಗೂ ನೆಲ ಬೇಕು

ಮುಂದಿನ ಹಲ್ಲು ಬಿದ್ದರೆ ಓಣಿಯೆಲ್ಲ ಕೇಳುತ್ತದೆ. ಹಿಂದಿನ ದವಡೆಹಲ್ಲು ಹೋದರೆ ಮನೆಯವರಿಗೂ ತಿಳಿಯುವುದಿಲ್ಲ. ಬ್ಯಾಡಗಿಯ ನಮ್ಮ ಅಕ್ಕ ಕೆಳದವಡೆಯ ಎರಡು ಹಲ್ಲು ಕೀಳಿಸಿಕೊಂಡು ಹದಿನೈದು ವರ್ಷ ಒಂದೇ ಮಗ್ಗುಲಿಗೆ ಅಗಿದು ಉಂಡಳು. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದು ಅವಳ ರುಚಿ ಎಂದೇ ಎಲ್ಲರ ತಿಳಿವಳಿಕೆ. “ಕಾಣಲಾರದ ಹಲ್ಲಿಗೆ ರೊಕ್ಕಾ ಯಾಕ ಹಾಕೂದು?” ಎಂಬುದು ಅವಳ ಮಾತು. ಮಗನ ಹಲ್ಲಿಗೆ ತಂತಿ ಕಟ್ಟಿಸಲು ತಿಂಗಳಿಗೊಮ್ಮೆ ರಾಣೆಬೆನ್ನೂರಿನ ಬಸ್ಸು ಹತ್ತಿದವಳೂ ಅವಳೇ.

ಆ ಮಗನೇ ದೊಡ್ಡವನಾಗಿ, ಹಟ ಹಿಡಿದು ಹಾವೇರಿಯಲ್ಲಿ ತೋರಿಸಿದ. ಇಂಪ್ಲಾಂಟ್ ಎಂದರೆ ಎಲುಬಿನೊಳಗೆ ಟೈಟಾನಿಯಂ ತಿರುಪು ಕೂಡಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಸಲ ಮನುಷ್ಯನಿಗೆ ಇದನ್ನು ಕೂಡಿಸಿದ್ದೂ ಕೆಳದವಡೆಗೇ. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಉಂಡ. ಆದರೆ ಅಕ್ಕನ ಸ್ಕ್ಯಾನು ನೋಡಿದ ಡಾಕ್ಟರು, “ಅಕ್ಕಾರ, ತಿರುಪು ಹಿಡಿಯಾಕ ಎಲುಬ ಉಳದಿಲ್ರೀ” ಎಂದರು.

ಎಲುಬು ಹೋದದ್ದಾದರೂ ಎಲ್ಲಿಗೆ? ಅಗಿಯುವಾಗಲೆಲ್ಲ ಹಲ್ಲಿನ ಬೇರು ಎಲುಬಿಗೆ ಕೆಲಸ ಕೊಡುತ್ತಿರುತ್ತದೆ. ಬೇರು ಹೋದರೆ, ಕೆಲಸವಿಲ್ಲದ ಎಲುಬನ್ನು ದೇಹವೇ ಕರಗಿಸಿಕೊಳ್ಳುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಹಲ್ಲು ಕಿತ್ತ ದಿನ ಇದನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಕೆಳದವಡೆಯಲ್ಲಿ ಇನ್ನೂ ಒಂದು ತೊಡಕು: ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಆ ಎಲುಬಿನೊಳಗೇ ಹಾಯುತ್ತದೆ. ಎಲುಬು ತಗ್ಗಿದಷ್ಟೂ ನರ ಹತ್ತಿರ. ತಿರುಪು ತಾಗಿದರೆ ತುಟಿ ಜೋಮು ಹಿಡಿಯುತ್ತದೆ, ಕೆಲವರಿಗೆ ಕಾಯಂ.

ಹಾಗಾಗಿ ಮೊದಲು ಎಲುಬಿನ ಕಸಿ. ಗದ್ದದಿಂದಲೋ ದವಡೆಯ ಹಿಂತುದಿಯಿಂದಲೋ ಚೂರು ತೆಗೆದು ಕೂಡಿಸಬೇಕು, ಇಲ್ಲವೆ ಸೀಸೆಯಲ್ಲಿ ಬರುವ ಪುಡಿ ತುಂಬಬೇಕು. “ಪುಡಿ ಯಾತರದ್ರೀ?” ಅಂಗಡಿಯಲ್ಲಿ ಮಸಾಲೆ ಕೊಳ್ಳುವವಳ ಹಾಗೆ ಅಕ್ಕ ಕೇಳಿದಳು. ಕೃತಕವಾಗಿ ಮಾಡಿದ್ದೂ ಇದೆ, ಆದರೆ ಬಹಳ ಬಳಕೆಯದು ದನದ ಎಲುಬಿನಿಂದ ಶುದ್ಧಮಾಡಿದ್ದು ಎಂದರು. ಕೊರಳಲ್ಲಿ ಲಿಂಗವಿರುವ ಅಕ್ಕ ಕುರ್ಚಿಯಲ್ಲಿ ಎದ್ದು ಕುಳಿತಳು. “ಅದನ್ನ ಬಾಯಾಗ ಇಟ್ಕೊಂಡು ಪೂಜಿ ಹೆಂಗ ಮಾಡ್ಲಿ? ನಂದ ಎಲುಬು ತಗೀರಿ. ನೋವಾದ್ರ ಆಗ್ಲಿ.” ಮಗ ವಿಜ್ಞಾನ ಹೇಳಲು ಹೋಗಿ ಸುಮ್ಮನಾದ. ಅವಳ ಬಾಯಿ, ಅವಳೇ ಕೇಳಬೇಕು. ಡಾಕ್ಟರೂ ಬೇಸರಪಡದೆ ಒಪ್ಪಿದರು. ಸಕ್ಕರೆ ಕಾಯಿಲೆ ಇದೆಯೇ, ಎಲುಬು ಸವೆತಕ್ಕೆ ಗುಳಿಗೆ, ಇಂಜೆಕ್ಷನ್ ತೆಗೆದುಕೊಳ್ಳುತ್ತೀರಾ, ತಂಬಾಕು ಉಂಟೇ ಎಂದು ವಿಚಾರಿಸಿದರು. ಇವನ್ನು ಮುಚ್ಚಿಟ್ಟರೆ ಕಸಿ ಕೆಟ್ಟೀತು, ಗಾಯ ಮಾಯದೆ ಉಳಿದೀತು.

ದವಡೆಯ ಹಿಂದಿನಿಂದ ತೆಗೆದ ಚೂರನ್ನು ಸಣ್ಣ ತಿರುಪಿನಿಂದ ಬಿಗಿದು ಒಸಡು ಹೊಲಿದರು. ಮುಖ ಊದಿತು. ಮಜ್ಜಿಗೆ ನುಚ್ಚೇ ಊಟ, ಖಾರ ಬಂದ್. ಬ್ಯಾಡಗಿಯಲ್ಲಿ ಖಾರ ಬಿಡುವುದೆಂದರೆ! (ನಮ್ಮ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ವಾದಿಸಿ ನೋಡಿದಳು, ನಡೆಯಲಿಲ್ಲ.) ಎಲುಬು ಬೆಸೆಯಲು ಐದು ತಿಂಗಳು ಕಾದರು.

ಬಿಲ್ಲು ನೋಡಿದ ಭಾವ, “ಇದಕ್ಕ ಎಷ್ಟ ಚೀಲ ಮೆಣಸಿನಕಾಯಿ ಹೋದ್ವು ನೋಡು” ಎಂದರಂತೆ.

“ಆ ಚೀಲಾ ತುಂಬಿದಾಕಿ ನಾನ ಅಲ್ಲೇನ್ರಿ?” ಅಂದಳಂತೆ ಅಕ್ಕ.

ಈಗ ಇಂಪ್ಲಾಂಟಿನ ತಿರುಪು ಕೂತಿದೆ. ಮೇಲಿನ ಹಲ್ಲು ಕಟ್ಟಲು ಇನ್ನೂ ಎರಡು ತಿಂಗಳಿದೆ.