ಆರ್.ವಿ. ರಸ್ತೆಯ ನೆರಳು

ಲಾಲ್‌ಬಾಗ್‌ ಪಶ್ಚಿಮ ದ್ವಾರದ ಮುಂದಿನಿಂದ ಹಾದು, ಸೌತ್ ಎಂಡ್ ಸರ್ಕಲ್ ದಾಟಿ ಬನಶಂಕರಿಯತ್ತ ಸಾಗುತ್ತದೆ ಬೆಂಗಳೂರಿನ ರಾಷ್ಟ್ರೀಯ ವಿದ್ಯಾಲಯ (ಆರ್.ವಿ.) ರಸ್ತೆ. ಇಂದು ಅದರ ನೆತ್ತಿಯ ಮೇಲೆ ಮೆಟ್ರೊ ಓಡುತ್ತದೆ. ಆ ಜಾಗದಲ್ಲಿ ಮೊದಲು ಮರಗಳಿದ್ದವು. ಎರಡು ದಾರಿಗಳ ನಡುವೆ ಹಬ್ಬಿದ್ದ ಲಕ್ಷ್ಮಣ ರಾವ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್‌ಗೆ ಬಂದ ಹಿರಿಯರು, ಕಾಲೇಜು ಮುಗಿಸಿದ ಹುಡುಗ ಹುಡುಗಿಯರು, ಮಧ್ಯಾಹ್ನ ಒಂದಿಷ್ಟು ಅಡ್ಡಾಗುವ ಕೂಲಿಕಾರರು ಒಂದೇ ನೆರಳನ್ನು ಹಂಚಿಕೊಳ್ಳುತ್ತಿದ್ದರು.

ಈ ರಸ್ತೆಯ ಆಚೀಚೆ ಮೊದಲಿದ್ದುದು ಹಳ್ಳಿಗಳು: ಯಡಿಯೂರು, ಸಿದ್ದಾಪುರ, ಭೈರಸಂದ್ರ. ಹೊಲ, ಕೆರೆ, ಹೂತೋಟಗಳ ನಾಡು. ತಿಗಳ ಸಮುದಾಯದ ತೋಟಗಾರರು ಪಳಗಿಸಿದ ಮಣ್ಣಿನ ಗುರುತಾಗಿ ಸಿದ್ದಾಪುರದಲ್ಲಿ ಇಂದಿಗೂ ನರ್ಸರಿಗಳಿವೆ. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಇಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲಿಟ್ಟರು. ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ ಹೆಸರು ಹೊತ್ತ ಈ ಬಡಾವಣೆಯಲ್ಲಿ ಸೈಟು ಸಿಕ್ಕ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕ್ ನೌಕರರು ಸಾಲ ಸೋಲ ಮಾಡಿ ಮನೆ ಕಟ್ಟಿದರು. ರೆಡ್ ಆಕ್ಸೈಡ್ ನೆಲ, ಮುಂದೆ ದಾಸವಾಳ, ಹಿತ್ತಲಲ್ಲಿ ತೆಂಗು. ಪಕ್ಕದ ತಿಲಕನಗರದಲ್ಲಿ ದಖನಿ ಉರ್ದು, ಸಿದ್ದಾಪುರದ ಗಲ್ಲಿಗಳಲ್ಲಿ ತಮಿಳು, ತೆಲುಗು. ವ್ಯಾಪಾರಕ್ಕೆ ಎಲ್ಲರಿಗೂ ಕನ್ನಡ.

ಸಂಜೆಯಾದರೆ ಶಾಂತಿ, ನಂದಾ ಚಿತ್ರಮಂದಿರಗಳ ಮುಂದೆ ಇವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಟಿಕೆಟ್ ಸಿಗದಿದ್ದರೆ ಪಾರ್ಕಿನಲ್ಲೊಂದು ಸುತ್ತು. ಈಗ ಆ ಎರಡೂ ಚಿತ್ರಮಂದಿರಗಳಿಲ್ಲ. ನಂದಾ ಟಾಕೀಸಿನ ಹೆಸರು ಮಾತ್ರ ಒಂದು ರಸ್ತೆಗೆ ಅಂಟಿಕೊಂಡು ಉಳಿದಿದೆ.

2009ರಲ್ಲಿ ಮೆಟ್ರೊಗಾಗಿ ಮರ ಕಡಿಯಲು ಬಂದಾಗ ಜನ ಬೀದಿಗಿಳಿದರು. ಹಿರಿಯರೂ ವಿದ್ಯಾರ್ಥಿಗಳೂ ಜೊತೆಯಾಗಿ ನಿಂತರೂ ಮರಗಳು ಉಳಿಯಲಿಲ್ಲ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ರೈಲು ಈ ದಾರಿಯಲ್ಲಿ ಓಡಿತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗವೂ ಬಂದು ಸೇರಿ, ಆರ್.ವಿ. ರಸ್ತೆ ನಿಲ್ದಾಣ ರೈಲು ಬದಲಿಸುವ ತಾಣವಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ದುಡಿಯಲು ಹೋಗುವವರಿಗೆ ಇದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಸಾವಿರಾರು ಜನ ಇಳಿದು ಹತ್ತುವ ಈ ರಸ್ತೆಯಲ್ಲಿ ಹೆಸರು ಹಿಡಿದು ಮಾತಾಡಿಸುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಹಳೆಯ ಮನೆಗಳು ಬಿಲ್ಡರ್ ಕೈಸೇರಿ ಅಪಾರ್ಟ್‌ಮೆಂಟುಗಳಾಗಿವೆ, ಕೆಲವು ಪಿ.ಜಿ.ಗಳಾಗಿವೆ. ಕಟ್ಟಿಸಿದವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದ ಯುವಕರು ಇಲ್ಲಿ ದುಡಿಯುತ್ತಿದ್ದಾರೆ. ಅವರ ಮೇಲೆ ನನಗೆ ಮುನಿಸಿಲ್ಲ. ಜಯನಗರ ಕಟ್ಟಿದವರೂ ಒಂದು ದಿನ ವಲಸೆ ಬಂದವರೇ. ಹಿಂದೆ ಬಂದವರಿಗೆ ಊರಿನವರೊಡನೆ ಪರಿಚಯವಾಗಲು ಒಂದು ಕಲ್ಲುಬೆಂಚು, ಒಂದು ಮರದಡಿ ಇತ್ತು. ಇಂದು ಬಂದವರಿಗೆ ಅದು ಸಿಗುತ್ತಿಲ್ಲ. ನನ್ನ ಸಂಕಟವೆಲ್ಲ ಇದೇ.

ಹೋದ ಮರಗಳು ಮರಳಿ ಬರಲಾರವು. ಉಳಿದಿರುವ ಪಾರ್ಕಿನ ತುಂಡುಗಳನ್ನಾದರೂ ಪಾರ್ಕಿಂಗ್‌ಗೆ ಬಿಟ್ಟುಕೊಡದೆ ಕಾಪಾಡೋಣ. ಫುಟ್‌ಪಾತಿನುದ್ದಕ್ಕೂ ಹೊಂಗೆ ನೆಡೋಣ, ಕೂರಲು ಬೆಂಚು ಕೇಳೋಣ. ಮೆಟ್ರೊ ನಿಲ್ದಾಣದ ಗೋಡೆಯ ಮೇಲೆ ಯಡಿಯೂರು, ಸಿದ್ದಾಪುರ, ಭೈರಸಂದ್ರಗಳ ಕಥೆ ಬರೆಸಲು ಒತ್ತಾಯಿಸೋಣ. ನಿಮ್ಮ ಮನೆಯಲ್ಲಿ ಈ ರಸ್ತೆಯನ್ನು ಕಂಡ ಅಜ್ಜ ಅಜ್ಜಿಯರಿದ್ದರೆ, ದಯವಿಟ್ಟು ಇವತ್ತೇ ಅವರ ಮಾತನ್ನು ಬರೆದಿಟ್ಟುಕೊಳ್ಳಿ.