ಹೆಚ್ಚಿದ ಬಳೆಯ ತೋರಣ

ನಮ್ಮ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಅರಿಶಿನದ ಭರಣಿ ಬರಿದಾದರೆ ಅದೂ ಹೆಚ್ಚುತ್ತಿತ್ತು. ಬಂದ ನೆಂಟರು ಹೋಗುತ್ತಿರಲಿಲ್ಲ, ‘ಬರ್ತೀವಿ’ ಎಂದು ಹೇಳಿ ಹೊರಡುತ್ತಿದ್ದರು. ಇಷ್ಟೆಲ್ಲ ಹೆಚ್ಚುವ ಮನೆಯಲ್ಲಿ ದುಡ್ಡೊಂದು ಮಾತ್ರ ಯಾಕೆ ಕಡಿಮೆಯಾಗುತ್ತದೆ ಎಂದು ಒಮ್ಮೆ ಕೇಳಿ ಅಪ್ಪನ ಕೈಲಿ ಏಟು ತಿಂದದ್ದುಂಟು.

ಬಳೆಯ ಮಟ್ಟಿಗಂತೂ ‘ಹೆಚ್ಚಿತು’ ಎನ್ನುವ ಅಜ್ಜಿಯ ಮಾತು ಸುಳ್ಳಲ್ಲ. ಅಕ್ಕನ ಬಳೆ ಬಾವಿಕಟ್ಟೆಗೆ ತಾಗಿ ಮೂರು ಚೂರಾದರೆ ಒಂದಿದ್ದದ್ದು ಮೂರಾಯಿತಲ್ಲ! ಆ ಮೂರನ್ನೂ ಅಕ್ಕ ಆರಿಸಿ ತಂದು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಗೌರಿ ಹಬ್ಬಕ್ಕೆ ಬಳೆಗಾರ ಬಂದು ಜಗಲಿಯಲ್ಲಿ ಮಲಾರ ಬಿಚ್ಚಿ ಹೆಂಗಸರಿಗೆಲ್ಲ ತೊಡಿಸಿ ಹೋದ ಬಳೆಗಳು ದೀಪಾವಳಿವರೆಗೆ ಹೇಗೋ ಬಾಳುತ್ತಿದ್ದವು. ಆಮೇಲೆ ರಾಗಿ ಕೊಯ್ಲು. ಕುಡುಗೋಲು ಹಿಡಿಯುವ ಕೈ, ಹೊರೆ ಎತ್ತುವ ಕೈ, ಕಣ ಸಾರಿಸುವ ಕೈ; ಗಾಜು ಎಷ್ಟು ದಿನ ತಡೆದೀತು? ಧನುರ್ಮಾಸದ ಹೊತ್ತಿಗೆ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಹಾಗಾಗಿ ನಮ್ಮ ಹೊಸದುರ್ಗದ ಕಡೆ, ಕಡೇಪಕ್ಷ ನಮ್ಮ ಮನೆಯಲ್ಲಿ, ಬಳೆಚೂರಿನ ತೋರಣ ಚಳಿಗಾಲದ ಕೆಲಸ. ಒಂದು ಕಡೆ ಅವರೆಕಾಯಿ ಸುಲಿಯುವವರು, ಇನ್ನೊಂದು ಕಡೆ ಗಾಜು ಬಗ್ಗಿಸುವವರು, ನಡುವೆ ಸೀಮೆಎಣ್ಣೆಯ ಬುಡ್ಡಿ.

ಈ ತೋರಣ ನೋಡದವರಿಗೆ ಒಂದು ಮಾತು ಹೇಳಬೇಕು. ಬಳೆಯ ಅರ್ಧ ಸುತ್ತಿಗಿಂತ ಕಡಿಮೆಯಿಲ್ಲದ ಚೂರು ಬೇಕು. ಅದರ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ನಡುಭಾಗವನ್ನು ದೀಪಕ್ಕೆ ತೋರಿಸಬೇಕು. ಗಾಜು ಬಿಸಿಯನ್ನು ಅಷ್ಟು ಬೇಗ ಸಾಗಿಸುವುದಿಲ್ಲ. ನಡುವೆ ಕೆಂಪಗೆ ಕಾದಿದ್ದರೂ ತುದಿ ಬೆರಳನ್ನು ಸುಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ನಿಮ್ಮ ಮಾತು ಕೇಳತೊಡಗುತ್ತದೆ. ಆಗ ಮೆಲ್ಲಗೆ ಒತ್ತಿದರೆ ತುದಿಗಳು ಹತ್ತಿರ ಬಂದು ಮಾವಿನೆಲೆಯಂಥ ಒಂದು ಕೊಂಡಿಯಾಗುತ್ತದೆ. ಮುಂದಿನ ಚೂರನ್ನು ಅದರೊಳಗೆ ತೂರಿಸಿಕೊಂಡು ಬಗ್ಗಿಸಿದರೆ ಎರಡನೆಯದು. ಹೀಗೆ ಕೊಂಡಿಗೆ ಕೊಂಡಿ. ದಾರವಿಲ್ಲ, ಅಂಟಿಲ್ಲ. ಸಂಕ್ರಾಂತಿಗೆ ಅದು ನಡುಮನೆಯ ಬಾಗಿಲಿಗೇರಬೇಕು. ಏರಿದ ಮೇಲೆ ವರ್ಷವಿಡೀ ಗಾಳಿ ಬಂದಾಗಲೆಲ್ಲ ಕಿಣಿಕಿಣಿ.

ಓದಿದರೆ ಸುಲಭ. ಮಾಡಲು ಕೂತರೆ ಗೊತ್ತಾಗುತ್ತದೆ. ಸಾಮಾನ್ಯ ಗಾಜು ಮೆತ್ತಗಾಗಲು ಹತ್ತಿರ ಹತ್ತಿರ 700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬುಡ್ಡಿಯ ಉರಿಯಲ್ಲಿ ಅಷ್ಟು ಶಾಖ ಇದೆ, ಆದರೆ ಎಲ್ಲೆಡೆ ಇಲ್ಲ. ‘ಹೊಟ್ಟೆಗೆ ಹಿಡೀಬೇಡ ಮಗಾ, ನೆತ್ತಿಗೆ ಹಿಡಿ’ ಎನ್ನುತ್ತಿದ್ದಳು ಅಜ್ಜಿ. ಉರಿಯ ಹಳದಿ ಹೊಟ್ಟೆಯಲ್ಲಿ ಇನ್ನೂ ಸುಡದ ಮಸಿ ತುಂಬಿರುತ್ತದೆ. ಅಲ್ಲಿ ಹಿಡಿದ ಬಳೆ ಬಗ್ಗುವ ಮುಂಚೆ ಕಾಡಿಗೆ ಹಚ್ಚಿಕೊಂಡು ಕೂರುತ್ತದೆ. ಒಮ್ಮೆಲೇ ಉರಿಗೆ ಒಡ್ಡಿದರೆ ಹೊರಮೈ ಹಿಗ್ಗಿ ಒಳಮೈ ಹಿಗ್ಗದೆ ‘ಟಪ್’ ಎಂದು ಸಿಡಿಯುತ್ತದೆ. ಆದ್ದರಿಂದ ಮೊದಲು ದೂರದಿಂದ ಬೆಚ್ಚಗೆ ಮಾಡಿಕೊಳ್ಳಬೇಕು. ಬಗ್ಗಿಸಿದ ಮೇಲೆ ತಣ್ಣನೆಯ ಕಲ್ಲಿನ ಮೇಲೆ ಇಟ್ಟರೂ ಅದೇ ಗತಿ. ಅಜ್ಜಿ ಒಂದು ಹಳೆಯ ತಟ್ಟೆಯಲ್ಲಿ ಒಲೆಯ ಬಿಸಿ ಬೂದಿ ಹರಡಿಕೊಂಡು ಕೊಂಡಿಗಳನ್ನು ಅದರೊಳಗೆ ಹೂತಿಡುತ್ತಿದ್ದಳು. ನಿಧಾನಕ್ಕೆ ಆರಿದರೆ ಮಾತ್ರ ಗಾಜಿನ ಒಳಗಿನ ಬಿಗಿತ ಸಡಿಲುತ್ತದೆ. ಗಾಜಿನ ಕಾರ್ಖಾನೆಗಳಲ್ಲಿ ಇದಕ್ಕಾಗಿಯೇ ದೊಡ್ಡ ದೊಡ್ಡ ಗೂಡುಗಳಿವೆ. ನಮ್ಮಲ್ಲಿ ಅದು ಊಟದ ತಟ್ಟೆಯಷ್ಟಗಲ.

ಇಷ್ಟೆಲ್ಲ ಗಾಜು ಬಗ್ಗಿಸುವ ಅಜ್ಜಿಯ ಕೈಯಲ್ಲಿ ಬಳೆ ಇರಲಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ತಾತ ತೀರಿಕೊಂಡಿದ್ದರು. ಆ ಕಾಲದ ಪದ್ಧತಿ ಗೊತ್ತೇ ಇದೆ. ಬಳೆಗಾರ ಬಂದ ದಿನ ಅವಳು ಹಿತ್ತಲಿನಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಆದರೆ ಧನುರ್ಮಾಸದಲ್ಲಿ ಮನೆಯ, ಕೇರಿಯ, ನೆಂಟರ ಮನೆಯ ಅಷ್ಟೂ ಬಳೆಗಳು ಅವಳ ಬೆರಳಿನ ಮೂಲಕವೇ ಹಾಯಬೇಕು. ‘ಇದು ನಿಮ್ಮ ಚಿಕ್ಕಮ್ಮನ ಸೀಮಂತದ್ದು. ಇದು ಗೌಡರ ಮನೆ ಸೊಸೇದು, ಬಣ್ಣ ನೋಡು, ನವಿಲು ಕತ್ತಿನ ಹಾಗೆ’ ಎಂದು ಒಂದೊಂದು ಚೂರಿನ ಹಿನ್ನೆಲೆಯೂ ಅವಳಿಗೆ ಬಾಯಿಪಾಠ. ಡಬ್ಬಿಯ ತಳದಲ್ಲಿ ಕೆಲವು ದಪ್ಪನೆಯ ಕಪ್ಪು ಚೂರುಗಳಿದ್ದವು. ಅವು ಯಾರವು ಎಂದು ಅಕ್ಕ ಕೇಳಿದಾಗ ಅಜ್ಜಿ, ‘ಅವು ದಪ್ಪ, ಬಗ್ಗಲ್ಲ ಬಿಡು’ ಎಂದಳು. ನಾವು ಬಿಟ್ಟೆವು.

ಇದೆಲ್ಲ ಈಗ ನೆನಪಾಗಲು ಒಂದು ಗಾಜಿನ ಗುಂಡು ಕಾರಣ. ಜರ್ಮನಿಯಲ್ಲಿರುವ ಮಗಳು ಹೋದ ಡಿಸೆಂಬರ್‌ನಲ್ಲಿ ಬರುವಾಗ ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಸ್ವೆಟರಿನಲ್ಲಿ ಸುತ್ತಿ ತಂದಳು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಕೆಂಪು ಗುಂಡು. ‘ಅಪ್ಪಾ, ಇದು ಬಾಯಲ್ಲಿ ಊದಿ ಮಾಡಿದ್ದು, ಜೋಪಾನ’ ಎಂದಳು. ಅದನ್ನು ಮಾಡಿದ ಊರಿನ ಹೆಸರು ಲೌಷಾ, ತುರಿಂಗಿಯಾ ಕಾಡಿನ ನಡುವಿನದು. 1597ರಲ್ಲಿ ಹನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮುಲ್ಲರ್ ಎಂಬಿಬ್ಬರು ಅಲ್ಲಿ ಗಾಜಿನ ಕುಲುಮೆ ಹೂಡಿದರು. ಮರಕ್ಕೆ ಸೇಬು, ಆಕ್ರೋಟು ಕಟ್ಟಲು ದುಡ್ಡಿಲ್ಲದ ಬಡವನೊಬ್ಬ ಗಾಜಿನಲ್ಲೇ ಅವನ್ನು ಊದಿಬಿಟ್ಟನೆಂದು ಅಲ್ಲಿ ಕತೆ ಹೇಳುತ್ತಾರೆ. ಕತೆ ಇರಲಿ, 1848ರ ಲೆಕ್ಕದ ಪುಸ್ತಕವೊಂದರಲ್ಲಿ ಆರು ಡಜನ್ ಗುಂಡುಗಳಿಗೆ ಬೇಡಿಕೆ ಬಂದದ್ದು ಬರೆದಿದೆ.

ನನಗೆ ಹಿಡಿಸಿದ್ದು ಅದಲ್ಲ. ಆ ಗುಂಡುಗಳು ಹುಟ್ಟುತ್ತಿದ್ದದ್ದು ಮನೆಯೊಳಗೆ, ದೀಪದ ಮುಂದೆ. ಗಂಡ ಕಾಲಲ್ಲಿ ತಿದಿ ಒತ್ತುತ್ತ ಉರಿಗೆ ಗಾಳಿ ಕೊಟ್ಟು ಗಾಜಿನ ಕೊಳವೆ ಊದುವುದು. ಹೆಂಡತಿ ಗುಂಡಿನ ಒಳಗೆ ಬೆಳ್ಳಿಯ ದ್ರಾವಣ ಸುರಿದು ಕುಲುಕುವುದು. ಮಕ್ಕಳು ಬಣ್ಣ, ಮುಚ್ಚಳದ ಕೆಲಸ. ಆಮೇಲೆ ಹೆಂಗಸರು ದೊಡ್ಡ ಬುಟ್ಟಿಯಲ್ಲಿ ಹೊತ್ತು ಸೊನ್ನೆಬರ್ಗ್ ಊರಿನ ವ್ಯಾಪಾರಿಗಳಿಗೆ ಮುಟ್ಟಿಸುವುದು. 1867ರಲ್ಲಿ ಲೌಷಾಕ್ಕೆ ಗ್ಯಾಸ್ ಬಂದು ಉರಿ ಹತೋಟಿಗೆ ಸಿಕ್ಕಿದ ಮೇಲೆ ಇನ್ನೂ ತೆಳ್ಳಗಿನ, ದೊಡ್ಡ ಗುಂಡುಗಳು ಬಂದವು. ತಿದಿಯ ವಿಷಯ ಮೊದಲೇ ಗೊತ್ತಿದ್ದರೆ ನಮ್ಮ ಮಾವನ ಮಾನ ಉಳಿಯುತ್ತಿತ್ತು. ಅವರು ಉರಿ ಜೋರು ಮಾಡುತ್ತೇನೆಂದು ಒಲೆಯ ಊದುಗೊಳವೆ ತಂದು ಬುಡ್ಡಿಗೆ ಊದಿ, ಇಡೀ ಮನೆಗೆ ಕತ್ತಲು ಮಾಡಿದ್ದರು.

ಹಾಗೆ ನೋಡಿದರೆ ಬಳೆಯೂ ಮನೆಯಲ್ಲೇ ಬೆಸೆದ ಗಾಜು. ನಮ್ಮ ಹೆಂಗಸರು ತೊಡುವ ಬಳೆಗಳಲ್ಲಿ ಬಹುಪಾಲು ಆಗ್ರಾ ಹತ್ತಿರದ ಫಿರೋಜಾಬಾದಿನವು. ಅಲ್ಲಿ ಕುಲುಮೆಯಿಂದ ಎಳೆದ ಗಾಜು ತಿರುಗುವ ಕೋಲಿಗೆ ಸ್ಪ್ರಿಂಗಿನಂತೆ ಸುತ್ತಿಕೊಳ್ಳುತ್ತದೆ. ಅದನ್ನು ಉದ್ದಕ್ಕೆ ಕೊಯ್ದರೆ ಬಾಯಿ ಬಿಟ್ಟ ನೂರಾರು ಸುತ್ತು. ಆ ಬಾಯಿ ಮುಚ್ಚುವ ಕೆಲಸ ಗಲ್ಲಿ ಗಲ್ಲಿಯ ಮನೆಗಳಿಗೆ ಹೋಗುತ್ತದೆ. ಅಲ್ಲಿ ಹೆಂಗಸರು ಪುಟ್ಟ ಉರಿಯ ಮುಂದೆ ಕೂತು ಒಂದೊಂದನ್ನೇ ಬೆಸೆಯುತ್ತಾರೆ. ತಾಜ್‌ಮಹಲಿನ ಅಮೃತಶಿಲೆ ಕೆಡುತ್ತದೆಂದು 1996ರಲ್ಲಿ ಸುಪ್ರೀಂ ಕೋರ್ಟು ಸುತ್ತಲಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಡಿಸಿ ಗ್ಯಾಸ್ ಹಿಡಿಸಿತು. ಆದರೆ ಉರಿಯ ಮುಂದೆ ಕೂತವರ ಕಣ್ಣು, ಎದೆಯ ಲೆಕ್ಕ ಹಿಡಿಯುವವರು ಕಡಿಮೆ. ನಿಮ್ಮ ಮನೆಯ ಬಳೆಯ ಮೇಲೆ ಬೆರಳಾಡಿಸಿ ನೋಡಿ, ಒಂದು ಕಡೆ ಸಣ್ಣ ಗಂಟು ಸಿಗುತ್ತದೆ. ಅದು ಯಾವಳೋ ಪುಣ್ಯಾತ್ಗಿತ್ತಿಯ ರುಜು.

ಹಿಂದೆ ನಮಗೆ ಅಷ್ಟು ದೂರದ ಗಾಜು ಬೇಕಿರಲಿಲ್ಲ. ನಮ್ಮ ತಾಲೂಕಿನದೇ ಮತ್ತೋಡಿನಲ್ಲಿ ಬಳೆ ಮಾಡುತ್ತಿದ್ದರು. ಟಿಪ್ಪು ಮಡಿದ ಮೇಲೆ, 1800–01ರಲ್ಲಿ, ಕಂಪನಿ ಸರ್ಕಾರಕ್ಕಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಅಲ್ಲಿಯ ಗಾಜಿನ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಣಚುಕಲ್ಲಿನ ಪುಡಿ, ಜೊತೆಗೆ ಚೌಳು ಮಣ್ಣಿನಿಂದ ತೆಗೆದ ಉಪ್ಪು. ರಾಗಿಯೂ ಏಳದ ಚೌಳು ನೆಲದಿಂದ ಬಳೆ ಎದ್ದಿತ್ತು! ಅಗ್ಗದ ಬಳೆ ಹೊರಗಿನಿಂದ ಬಂದ ಮೇಲೆ ಆ ಕಸುಬು ತಣ್ಣಗಾಯಿತು.

ಅಜ್ಜಿಯ ತೋರಣದ ಕತೆ ಹೇಳಲಿಲ್ಲ. ಅವಳು ಹೋಗಿ ಎಷ್ಟೋ ವರ್ಷದ ಮೇಲೆ ಮನೆಗೆ ಸುಣ್ಣ ಬಳಿಯಲು ಬಂದವರ ಏಣಿ ತಗುಲಿ ಕೆಳಗೆ ಬಿತ್ತು. ಅಮ್ಮ ಅಡುಗೆಮನೆಯಿಂದಲೇ ಸದ್ದು ಕೇಳಿ, ‘ಹೆಚ್ಚಿತು’ ಎಂದಳು. ಉಳಿದದ್ದು ಗೇಣುದ್ದ, ಒಂಬತ್ತು ಕೊಂಡಿ. ಅದು ನನ್ನ ಹತ್ತಿರ ಅದೇ ಬಿಸ್ಕತ್ತಿನ ಡಬ್ಬಿಯಲ್ಲಿತ್ತು.

ಮಗಳ ಗುಂಡನ್ನು ಷೋಕೇಸಿನಲ್ಲಿ ತೂಗುಹಾಕಿದ ದಿನ ನಾನು ಆ ಡಬ್ಬಿ ತೆಗೆದೆ. ಗ್ಯಾಸ್ ಒಲೆಯ ಮುಂದೆ ನಿಂತು ಮೊದಲ ಚೂರು ಹಿಡಿದೆ. ಅದು ಸಿಡಿದು ಹುಳಿಯ ಪಾತ್ರೆಯೊಳಗೆ ಬಿತ್ತು. ಹುಳಿ ಚೆಲ್ಲಬೇಕಾಯಿತು. ಎರಡನೆಯದು ಗಾಜೇ ಅಲ್ಲ, ಪ್ಲಾಸ್ಟಿಕ್, ಮನೆಯೆಲ್ಲ ನಾತ. ‘ರೀ, ನಿಮಗೆ ಅರವತ್ತೆರಡು. ಆರು ಅಂದ್ಕೊಂಡಿದ್ದೀರಾ?’ ಎಂದು ನಮ್ಮವರು ಕಿಟಕಿ ತೆಗೆದರು. ಆದರೆ ಸಂಜೆಗೆ ಸ್ಪಿರಿಟ್ ದೀಪ ತರಿಸಿದ್ದೂ ಅವರೇ. ಅದಕ್ಕೆ ಮಸಿ ಇಲ್ಲ. ಬೂದಿ ಎಲ್ಲಿಂದ ತರುವುದು? ಬಾಣಲೆಯಲ್ಲಿ ಮರಳು ಬಿಸಿಮಾಡಿಕೊಂಡೆವು. ಮೂರನೆಯ ದಿನ ನನ್ನ ಕೈಯಲ್ಲಿ ಒಂದು ಕೊಂಡಿ ಕೂಡಿತು. ಸೊಟ್ಟಗಿತ್ತು, ಅಜ್ಜಿ ನೋಡಿದ್ದರೆ ಬೂದಿಗೆ ಹಾಕದೆ ತಿಪ್ಪೆಗೆ ಹಾಕುತ್ತಿದ್ದಳು. ನಮ್ಮವರು ಒಂದೇ ಸಂಜೆ ಆರು ಬಗ್ಗಿಸಿದರು, ಒಂದೂ ಸೊಟ್ಟಗಿಲ್ಲ. ‘ಇದನ್ನ ಮೊದಲೇ ಹೇಳಬಾರದಿತ್ತಾ, ನಮ್ಮೂರಲ್ಲಿ ನಾವೂ ಮಾಡ್ತಿದ್ವಿ’ ಎಂದರು. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ತಿಳಿದ ವಿಷಯ ಇದು.

ದಪ್ಪನೆಯ ಕಪ್ಪು ಚೂರುಗಳೂ ಡಬ್ಬಿಯಲ್ಲಿದ್ದವು. ಸ್ಪಿರಿಟ್ ದೀಪಕ್ಕೆ ಹಿಡಿದು ನೋಡಿದೆವು. ಸ್ವಲ್ಪ ಹೊತ್ತು ಹೆಚ್ಚು ಹಿಡಿಯಬೇಕು ಅಷ್ಟೆ, ಬಗ್ಗುತ್ತವೆ.

ಈಗ ಅಜ್ಜಿಯ ಒಂಬತ್ತು ಸೇರಿ ನಲವತ್ತೊಂದು ಕೊಂಡಿಯಾಗಿದೆ. ದೇವರಮನೆಯ ಬಾಗಿಲಿಗೆ ಇನ್ನೂ ಒಂದು ಮೊಳ ಸಾಲದು. ನಿಮ್ಮ ಮನೆಯಲ್ಲಿ ಬಳೆ ಹೆಚ್ಚಿದ್ದರೆ ಎಸೆಯಬೇಡಿ, ನಮಗೆ ಕೊಡಿ. ಹಸಿರು ಬೇಕಾದಷ್ಟಿದೆ, ಹಳದಿ ಇಲ್ಲ. ಪ್ಲಾಸ್ಟಿಕ್ ಮಾತ್ರ ಬೆರೆಸಬೇಡಿ.